ಮಂಡಿಯಿಂದ ನಾಲ್ಕು ಬೆರಳು ಮೇಲೆ

ಭಾರ ಹೊತ್ತು ಮೆಟ್ಟಿಲು ಹತ್ತಿದರೆ ಉಸಿರು ಹೋಗುತ್ತದೆ, ಭಾರ ಹೊತ್ತು ಮೆಟ್ಟಿಲು ಇಳಿದರೆ ಮಾಂಸ ಹರಿಯುತ್ತದೆ. ಇದು ನಿಮಗೆ ಗೊತ್ತಿರಬೇಕಿತ್ತು. ಎಂದಾದರೂ ಒಂದು ಗುಡ್ಡ ಹತ್ತಿ ಇಳಿದು ಬಂದಿದ್ದೀರಲ್ಲ? ಆ ಸಂಜೆ ಏನೂ ಆಗದೆ, ಮರುದಿನವೂ ಅಷ್ಟಿಷ್ಟಕ್ಕೆ ಮುಗಿದು, ಅದರ ಮರುದಿನ ಕುರ್ಚಿಯ ಮೇಲೆ ಕೂರುವುದಕ್ಕೂ ದೇವರನ್ನು ಕರೆದಿದ್ದೀರಲ್ಲ? ಹತ್ತಿದ್ದಕ್ಕೆ ಬಂದ ನೋವು ಎಂದುಕೊಂಡಿರಿ. ಅಲ್ಲ, ಇಳಿದದ್ದಕ್ಕೆ. ಹತ್ತುವಾಗ ತೊಡೆಯ ಸ್ನಾಯು ಮುದುಡಿಕೊಂಡು ದುಡಿಯುತ್ತದೆ. ಇಳಿಯುವಾಗ ಅದೇ ಸ್ನಾಯು ಹಿಗ್ಗಬೇಕು, ಹಿಗ್ಗುತ್ತಲೇ ಮೈಭಾರವನ್ನು ತಡೆದು ಹಿಡಿಯಬೇಕು. ಬಾವಿಗೆ ಕೊಡ ಬಿಡುವವನ ಕೈಯಲ್ಲಿ ಹಗ್ಗ ಜಾರಬೇಕು, ಆದರೆ ಕೈ ಬಿಡಬಾರದು, ಹಾಗೆ. ಅಂಗೈ ಸುಲಿಯುವುದು ಎಳೆಯುವಾಗಲ್ಲ, ಬಿಡುವಾಗ.

ಆದರೂ ಸಾಮಾನು ಸಾಗಿಸುವವರು ಮನೆ ಬಾಗಿಲಿಗೆ ಬಂದಾಗ "ಹತ್ತಿಸೋದೇನಿಲ್ಲಪ್ಪ, ಬರೀ ಇಳಿಸೋದು ತಾನೇ, ಅದೇನು ಮಹಾ?" ಎನ್ನದ ಬಾಯಿ ಒಂದಿದ್ದರೆ ತೋರಿಸಿ, ಸಕ್ಕರೆ ಹಾಕುತ್ತೇನೆ.

ಆ ಮಾತನ್ನು ನಿಮ್ಮೆಲ್ಲರಿಗಿಂತ ಜೋರಾಗಿ ಆಡುತ್ತಿದ್ದವನೊಬ್ಬನಿದ್ದ. ಅವನೇ ಸಾಮಾನು ಇಳಿಸುವವನು. ನಲವತ್ತು ದಾಟಿದ ಆಳು, ತಲೆಯೂ ಕುತ್ತಿಗೆಯೂ ಒಂದೇ ಅಗಲ. ಎಲ್ಲರ ಬಾಯಲ್ಲೂ ಬಂಡೆ. ಹೆಂಡತಿ ಮಾತ್ರ ಸಿಟ್ಟು ಬಂದಾಗ "ಬಂಡೆಗೆ ಎಲ್ಲಾದ್ರೂ ಕಿವಿ ಇರುತ್ತಾ, ಬಿಡಿ" ಎನ್ನುತ್ತಿದ್ದಳು.

ಲಾರಿ ಆ ಹೆಂಡತಿಯ ಅಣ್ಣನದು. ತಂಡವೂ ಅವನದೇ, ಆದ್ದರಿಂದ ಎಲ್ಲರಿಗೂ ಅವನು ಮೇಸ್ತ್ರಿ. ಅವನಿಗೆ ಇಬ್ಬರು ತಂಗಿಯರು. ದೊಡ್ಡವಳನ್ನು ಬಂಡೆಗೆ ಕೊಟ್ಟಿದ್ದ, ಚಿಕ್ಕವಳನ್ನು ಕಡ್ಡಿಗೆ. ಹೀಗಾಗಿ ಬಂಡೆಗೆ ಕಡ್ಡಿ ಷಡ್ಡಕ. ಉದ್ದಕ್ಕೆ, ತೆಳ್ಳಗೆ, ಮಾತು ಕಡಿಮೆ. "ಗಾಡಿ ಜೋರಾಗಿ ಓಡ್ಸಲ್ಲ ಮಾರಾಯ, ನೀನು ಹಾರಿ ಹೋಗ್ತೀಯ" ಎಂದು ಲಾರಿ ಡ್ರೈವರ್ ದಿನಾ ಹಂಗಿಸುತ್ತಿದ್ದ. ಬೀರು, ಫ್ರಿಜ್ಜು, ಮಂಚ ಮೆಟ್ಟಿಲಿಳಿಯುವಾಗ ಮೇಲಿನ ತುದಿ ಕಡ್ಡಿಗೆ, ಕೆಳಗಿನ ತುದಿ ಬಂಡೆಗೆ. ಅದು ಮೇಸ್ತ್ರಿ ಹಾಕಿದ ಕಟ್ಟಳೆಯಲ್ಲ. ಬಂಡೆಯೇ ಇಟ್ಟುಕೊಂಡ ಗತ್ತು.

ಕೆಳಗಿನ ತುದಿ ಹಿಡಿದವನು ಬೀರುವಿನ ಕಡೆ ಮುಖ ಮಾಡಿ, ಹಿಂದೆ ಹಿಂದೆ ಹೆಜ್ಜೆಯಿಟ್ಟು ಇಳಿಯಬೇಕು. ಒಂದು ಕಾಲು ಕೆಳಗಿನ ಮೆಟ್ಟಿಲನ್ನು ಕುರುಡಾಗಿ ಹುಡುಕುತ್ತಿರುವಾಗ, ಮೇಲಿನ ಮೆಟ್ಟಿಲಲ್ಲಿ ಉಳಿದ ಕಾಲಿನ ಮಂಡಿ ಮೆಲ್ಲಮೆಲ್ಲಗೆ ಮಡಚುತ್ತ ಇಡೀ ಭಾರವನ್ನು ಕೆಳಕ್ಕೆ ಒಪ್ಪಿಸಬೇಕು. ಭಾರ ಹತ್ತಿಸುವಾಗ ಪ್ರತಿ ತಿರುವಿನಲ್ಲೂ ನಿಂತು ಬೆವರು ಒರೆಸಿಕೊಳ್ಳಬಹುದು, ಯಾರೂ ಏನೂ ಅನ್ನುವುದಿಲ್ಲ. ಇಳಿಸುವಾಗ ಮಾತ್ರ ನಿಲ್ಲುವಂತಿಲ್ಲ. "ಇಳಿಯುವಾಗ ನಿಂತ್ರೆ ಭಾರ ಬೆಳೆಯುತ್ತೆ" ಎನ್ನುವುದು ಆ ಕಸುಬಿನವರ ನಂಬಿಕೆ. ಯಾವ ಮಹಾನುಭಾವ ಮೊದಲು ಅಂದನೋ ಗೊತ್ತಿಲ್ಲ. ಅವನು ಮೇಲಿನ ತುದಿ ಹಿಡಿದವನೇ ಇರಬೇಕು.

ಇನ್ನೊಂದು ಮಾತಿತ್ತು, ಅದು ಬಂಡೆಯದೇ ಸೃಷ್ಟಿ: ನಾಳಿದ್ದಿನ ನಾಟಕ. ತಂಡಕ್ಕೆ ಹೊಸದಾಗಿ ಸೇರಿದ ಪ್ರತಿಯೊಬ್ಬನೂ ಮೊದಲ ದಿನ ಸಂಜೆ ನಗುನಗುತ್ತ ಮನೆಗೆ ಹೋಗುತ್ತಿದ್ದ. ನಾಳಿದ್ದು ಕುಂಟುತ್ತ ಬಂದು ತೊಡೆ ನೋವು ಎನ್ನುತ್ತಿದ್ದ. ಆಗ ಬಂಡೆ ಎಲ್ಲರಿಗೂ ಕೇಳುವಂತೆ ಶುರು ಮಾಡುತ್ತಿದ್ದ: "ಬಿದ್ದ ಏಟು ಬಿದ್ದಾಗ ನೋಯ್ಬೇಕು ಕಣಯ್ಯ. ನಿನ್ನ ಏಟು ಏನು, ಅಂಚೇಲಿ ಬರುತ್ತಾ?" ಲಾರಿ ಸ್ಟ್ಯಾಂಡಿನ ಟೀ ಅಂಗಡಿಯ ಮುಂದೆ ಎಷ್ಟೋ ತಂಡಗಳವರು ಇದನ್ನು ಕೇಳಿ ನಕ್ಕಿದ್ದಾರೆ, ಕಲಿತಿದ್ದಾರೆ, ತಮ್ಮ ಹೊಸಬರ ಮೇಲೆ ಬಳಸಿದ್ದಾರೆ. ನೋವು ನಿಜವೋ ಸುಳ್ಳೋ ನೋಡುವ ಬಗೆಯೂ ಇವನದೇ. ಲಾರಿಯ ಸ್ಟೆಪ್ನಿ ಚಕ್ರವನ್ನು ನೆಲದಿಂದ ಎತ್ತಿ ಲಾರಿಯೊಳಕ್ಕೆ ಹಾಕಬೇಕು. ಎತ್ತಿದರೆ ನೋವಿಲ್ಲ, ಕೆಲಸಕ್ಕೆ ಬಾ. ಎತ್ತದಿದ್ದರೆ ಮೈಗಳ್ಳ, ಮನೆಗೆ ಹೋಗು. ಹೊಸಬರು ಹಲ್ಲು ಕಚ್ಚಿ ಬೆನ್ನು, ತೋಳು, ಸೊಂಟದ ಬಲದಲ್ಲಿ ಎತ್ತುತ್ತಿದ್ದರು. ಎತ್ತುವುದಕ್ಕೆ ಕೆಟ್ಟಿದ್ದಲ್ಲವಲ್ಲ ಆ ತೊಡೆ, ಇಳಿಸುವುದಕ್ಕೆ ಕೆಟ್ಟದ್ದು. ಇದು ಯಾರಿಗೂ ಹೊಳೆಯಲಿಲ್ಲ. ಬಂಡೆಗಂತೂ ತನಗೆ ಯಾಕೆ ನೋಯುವುದಿಲ್ಲ ಎಂಬ ಪ್ರಶ್ನೆಯೇ ಹುಟ್ಟಲಿಲ್ಲ. ತಾನು ಗಂಡಸು, ಅದಕ್ಕೆ, ಎಂದುಕೊಂಡಿದ್ದ. ನಿಜ ಇಷ್ಟೇ: ದಿನಾ ಇಳಿಸಿ ಇಳಿಸಿ ಸ್ನಾಯು ಆ ಪೆಟ್ಟಿಗೆ ಹದವಾಗಿತ್ತು. ಹದ ಯಾರಪ್ಪನ ಆಸ್ತಿಯೂ ಅಲ್ಲ. ಬಿಟ್ಟರೆ ಬಿಟ್ಟುಹೋಗುತ್ತದೆ.

ಬಂಡೆಗೆ ಟೈಫಾಯ್ಡ್ ಬಂತು. ವಾರಗಟ್ಟಲೆ ಮಂಚ ಹಿಡಿದ. ಜ್ವರ ಇಳಿದು, ಮುಖಕ್ಕೆ ರಕ್ತ ತಿರುಗಿ ಕೆಲಸಕ್ಕೆ ಹೋದ ಮೊದಲ ದಿನವೇ ಒಬ್ಬ ವಕೀಲರ ಕಚೇರಿ ಖಾಲಿ ಮಾಡುವುದಿತ್ತು. ಮೇಲಿನ ಮಹಡಿ. ಲಿಫ್ಟಿನ ಬಾಗಿಲಿಗೆ "ಕೆಟ್ಟಿದೆ" ಎಂಬ ರಟ್ಟು. ರಟ್ಟಿನ ಪೆಟ್ಟಿಗೆಗಳಲ್ಲಿ ತುಂಬಿದ ಕಾನೂನು ಪುಸ್ತಕಗಳು, ಕಡತ ತುಂಬಿದ ಕಬ್ಬಿಣದ ಕಪಾಟುಗಳು. ಖಾಲಿ ಕೈಯಲ್ಲಿ ಹತ್ತು, ತುಂಬಿದ ಕೈಯಲ್ಲಿ ಇಳಿ, ದಿನವಿಡೀ ಅದೇ. ಸಂಜೆ ಬಂಡೆ ಎದೆಯುಬ್ಬಿಸಿ "ನೋಡಿದ್ಯೇನೋ ಕಡ್ಡಿ, ಜ್ವರ ಬಂದ್ರೂ ಹುಲಿ ಹುಲಿನೇ" ಅಂದ. "ಹೌದಣ್ಣ" ಅಂದ ಕಡ್ಡಿ.

ಮರುದಿನ ತೊಡೆ ಬಿಗಿಯಿತು. ಅದರ ಮರುದಿನ ಬೆಳಿಗ್ಗೆ ಬಚ್ಚಲಿಂದ ಹೊರಬಂದ ಗಂಡನನ್ನು ಹೆಂಡತಿ ಸೊಂಟದ ಮೇಲೆ ಕೈಯಿಟ್ಟು ನೋಡಿದಳು.

"ಏನ್ರೀ, ಗೋಡೆ ಹಿಡ್ಕೊಂಡು ಬರ್ತಿದೀರಾ? ಗೋಡೆ ಬೀಳುತ್ತೆ ಅಂತ ಭಯಾನಾ?"

"ಏನಿಲ್ಲ. ಕಾಲು ಜುಮ್ಮಂತು."

"ಎರಡೂ ಕಾಲು ಒಟ್ಟಿಗೆ ಜುಮ್ಮಂತಾ?"

ಬಂಡೆ ಹೊಸ್ತಿಲು ದಾಟಿದ. ಹೊಸ್ತಿಲಿಂದ ಬೀದಿಗೆ ಇರುವುದು ಒಂದೇ ಮೆಟ್ಟಿಲು. ಆ ಒಂದು ಮೆಟ್ಟಿಲನ್ನು ಅವನು ಅಡ್ಡಕ್ಕೆ ತಿರುಗಿ, ಏಡಿಯ ಹಾಗೆ ಇಳಿದದ್ದನ್ನು ಅವಳು ಕಂಡಳು. "ಆಸ್ಪತ್ರೆಗೆ ಹೋಗದೆ ಕೆಲಸಕ್ಕೆ ಹೋದ್ರೆ ನನ್ನಾಣೆ" ಎಂದು ಹಿಂದಿನಿಂದ ಕೂಗಿದಳು.

ಹೋದ. ಬೀದಿಯ ಕೊನೆಯ ಕ್ಲಿನಿಕ್ಕು. ಬೆಂಚಿನ ತುಂಬ ಕೆಮ್ಮುವವರು. ಡಾಕ್ಟರಮ್ಮನಿಗೆ ತಲೆಯೆತ್ತಲು ಪುರುಸೊತ್ತಿಲ್ಲ. ಪ್ಯಾಂಟಿನ ಮೇಲಿಂದಲೇ ತೊಡೆಯ ನಡುವಿನ ದಪ್ಪ ಭಾಗವನ್ನು ಒತ್ತಿ "ಇಲ್ಲಿ ನೋವಾ?" ಅಂದರು.

"ಇಲ್ಲಮ್ಮ."

ಇನ್ನೂ ಸ್ವಲ್ಪ ಮೇಲೆ ಒತ್ತಿದರು. "ಇಲ್ಲಿ?"

"ಇಲ್ಲ."

"ಕಾಲು ಚಾಚಿ ನನ್ನ ಕೈನ ತಳ್ಳಿ." ತಳ್ಳಿದ. ಡಾಕ್ಟರಮ್ಮನ ಕುರ್ಚಿ ಹಿಂದಕ್ಕೆ ಸರಿಯಿತು. "ಅಬ್ಬಾ, ಗಟ್ಟಿ ಇದೀರಲ್ಲ! ಏನೂ ಆಗಿಲ್ಲ, ಹೋಗಿ."

ಕೇಳಿದ ಜಾಗದಲ್ಲಿ ನೋವಿರಲಿಲ್ಲ, ಆದ್ದರಿಂದ ಇಲ್ಲ ಅಂದ. ಸುಳ್ಳೇನಲ್ಲ. ನೋವಿದ್ದದ್ದು ಕೆಳಗೆ, ಮಂಡಿಯಿಂದ ನಾಲ್ಕು ಬೆರಳು ಮೇಲೆ, ಒಳಮಗ್ಗುಲಲ್ಲಿ. ಅಲ್ಲಿ ಬಟ್ಟೆ ತಾಗಿದರೂ ಕೆಂಡ ಇಟ್ಟಂತಿತ್ತು. ಕೈ ಅಲ್ಲಿಗೆ ಹೋಗಲಿಲ್ಲ, ಇವನ ಬಾಯಿಯೂ ಹೋಗಲಿಲ್ಲ. "ಗಟ್ಟಿ ಇದೀರಲ್ಲ" ಎಂಬ ಹೊಗಳಿಕೆ ಕಿವಿಗೆ ಬಿದ್ದ ಮೇಲೆ "ಅಮ್ಮಾ, ಸ್ವಲ್ಪ ಕೆಳಗೆ" ಎನ್ನಲು ನಾಚಿಕೆಯಾಯಿತು. ನಾಚಿಕೆ ಎಂಬುದು ಎಂಥ ದುಬಾರಿ ಸಾಮಾನು ಎಂದು ಆಗ ಗೊತ್ತಿರಲಿಲ್ಲ.

ಲಾರಿ ಸ್ಟ್ಯಾಂಡಿನಲ್ಲಿ ಮೇಸ್ತ್ರಿ ಇವನು ಬರುವುದನ್ನೇ ನೋಡುತ್ತಿದ್ದ. "ಏನ್ ಬಂಡೆ, ನಡಿಗೆ ಯಾಕೋ ಹೊಸ ಸೊಸೆ ಹಾಗಿದೆ? ನಾಳಿದ್ದಿನ ನಾಟಕಾನಾ?"

ಟೀ ಅಂಗಡಿಯ ಮುಂದೆ ನಗೆ ಎದ್ದಿತು. ಬಂಡೆಗೆ ಮೈಯೆಲ್ಲ ಬಿಸಿಯಾಯಿತು. ಯಾರೂ ಹೇಳದೆ ಹೋಗಿ ಸ್ಟೆಪ್ನಿಗೆ ಕೈ ಹಾಕಿ, ಒಂದೇ ಉಸಿರಿಗೆ ಎತ್ತಿ ಲಾರಿಯೊಳಕ್ಕೆ ಎಸೆದ. ಚಪ್ಪಾಳೆ ಬಿತ್ತು. ಕಡ್ಡಿ ಮಾತ್ರ ಹತ್ತಿರ ಬಂದು ಸಣ್ಣ ದನಿಯಲ್ಲಿ ಕೇಳಿದ: "ಅಣ್ಣ, ಇವತ್ತು ಕೆಳಗೆ ನಾನು ಹಿಡೀಲಾ?"

"ನೀನಾ? ಬೀರು ನಿನ್ನ ಹೊತ್ಕೊಂಡು ಹೋಗುತ್ತೆ ಕಣೋ."

ಮತ್ತೆ ನಗೆ.

ಆ ದಿನದ ಮನೆಯಲ್ಲಿ ಒಬ್ಬರು ನಡುವಯಸ್ಸಿನ ಹೆಂಗಸು, ಕೈಯಲ್ಲಿ ಬೀಗದ ಕೈಗೊಂಚಲು. ಕಬ್ಬಿಣದ ಬೀರು, ಹಳೆಯ ಕಾಲದ್ದು, ಕನ್ನಡಿ ಕೂರಿಸಿದ್ದು. ಅವರು ಮೇಲಿನ ಬಾಗಿಲಲ್ಲಿ ನಿಂತು "ನಿಧಾನ, ನಿಧಾನ, ಬಣ್ಣ ಕೀಳುತ್ತೆ" ಎನ್ನುತ್ತಿದ್ದರು. ಬೀರುವಿನ ಬಣ್ಣಕ್ಕೆ ಎಷ್ಟು ಕಣ್ಣು!

ಮೊದಲ ಸಾಲು ಮೆಟ್ಟಿಲು ಹೇಗೋ ಕಳೆಯಿತು. ಎರಡನೆಯದರ ನಡುವೆ ಬಂಡೆಯ ಮಂಡಿ ನಡುಗತೊಡಗಿತು. ತಿರುವು ಬಂತು. ಅಗಲವಾದ ತಿರುವು, ಬೀರು ಇಳಿಸಿ ಕೂರಬಹುದಾದಷ್ಟು. ಕಡ್ಡಿ ಮೇಲಿಂದ "ಅಣ್ಣ, ಇಲ್ಲಿ ಒಂದ್ನಿಮಿಷ ಇಡೋಣ" ಅಂದ. "ಇಳಿಯುವಾಗ ನಿಲ್ಲೋದಾ? ನಡಿ" ಅಂದ ಬಂಡೆ. ಮುಂದಿನ ಮೆಟ್ಟಿಲಿಗೆ ಕಾಲು ಹಿಂದಿಟ್ಟ. ಮೇಲುಳಿದ ಕಾಲಿನ ಮಂಡಿ ಮಡಚಲು ಶುರುಮಾಡಿದ್ದು ನಡುವೆ ತಡೆಯಲಿಲ್ಲ. ಒದ್ದೆ ಕಾಗದದ ಹಾಗೆ ಕುಸಿಯಿತು.

ಬಂಡೆ ಗೋಡೆಗೆ ಒರಗಿ ಕುಕ್ಕರಿಸಿದ. ಬೀರು ಅವನನ್ನು ಬಿಟ್ಟು ಮೆಟ್ಟಿಲ ಪಕ್ಕದ ಕಂಬಿಯ ಕಡೆಗೆ ವಾಲಿತು. ಕಡ್ಡಿ ಕೈ ಬಿಟ್ಟಿದ್ದರೆ ಅವನಿಗೆ ಏನೂ ಆಗುತ್ತಿರಲಿಲ್ಲ. ಬಿಟ್ಟರೆ ಬೀರು ಕೆಳಗೆ ಕೂತ ಷಡ್ಡಕನ ಎದೆಯ ಮೇಲೆ ಬರುತ್ತದೆ ಎಂದು ಹಿಡಿದುಕೊಂಡ. ಬೀರುವಿಗೂ ಕಂಬಿಗೂ ನಡುವೆ ಅವನ ಬಲಗೈಯ ಬೆರಳುಗಳು ಸಿಕ್ಕಿಕೊಂಡವು. ಕನ್ನಡಿ ಒಡೆಯಿತು. ಕಡ್ಡಿಯ ಬಾಯಿಂದ ಬಂದ ಸದ್ದು ಕೂಗಲ್ಲ. ನೀರಲ್ಲಿ ಮುಳುಗುವವನು ಉಸಿರೆಳೆದ ಹಾಗಿತ್ತು.

ಆಗ ಬಂಡೆ ಆಡಿದ ಮಾತು ಇದು, ಮೆಟ್ಟಿಲ ಮೇಲೆ ಕೂತೇ, ಜೋರಾಗಿ: "ಯಾಕೋ ತಳ್ಳಿದೆ, ಯಾಕೋ ತಳ್ಳಿದೆ ಬೋ..."

ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಅವಳು ನೆಲವನ್ನು ದೂರಿದಳು, ನೆಲಕ್ಕೆ ಹೆಂಡತಿಯಿಲ್ಲ, ಒಲೆಯಿಲ್ಲ. ಇವನು ದೂರಿದ್ದು ತನ್ನ ಎದೆ ಉಳಿಸಿದವನನ್ನು. ಯೋಚಿಸಿ ಆಡಿದ್ದಲ್ಲ ಎಂದು ನಂತರ ಬಂಡೆ ಹೇಳಿದ್ದುಂಟು. ಆ ಮಾತನ್ನು ನಾನು ಒಪ್ಪುವುದಿಲ್ಲ. ಯೋಚಿಸದೆ ಬಂದ ಮಾತೇ ಮನುಷ್ಯನ ನಿಜವಾದ ವಾಸನೆ.

ಮೇಲಿದ್ದ ಹೆಂಗಸು ಅದನ್ನು ಹಿಡಿದುಕೊಂಡರು. ಅವರು ಕಂಡದ್ದು ಕಡ್ಡಿಯ ಬೆನ್ನು ಮಾತ್ರ. ಆದರೆ ಕೆಳಗಿನಿಂದ ಓಡಿಬಂದ ಮೇಸ್ತ್ರಿಗೆ "ಮೇಲಿದ್ದವನೇ ತಳ್ಳಿಬಿಟ್ಟ, ನಾನೇ ನೋಡ್ದೆ" ಅಂದರು. ನೀವೂ ಹೀಗೆ ಎಷ್ಟು ಸಲ ಕಾಣದ್ದನ್ನು ಕಂಡಿದ್ದೀರಿ?

ಎರಡು ಬೆರಳು ಪುಡಿಯಾಗಿದ್ದವು. ಕಡ್ಡಿಯನ್ನು ಆಸ್ಪತ್ರೆಗೆ ಸೇರಿಸಿ ಬಂದ ಮೇಸ್ತ್ರಿ ಚಿಕ್ಕ ತಂಗಿಯ ಎದುರಿಗೇ ತೀರ್ಪು ಕೊಟ್ಟ: "ಕೈ ವಾಸಿಯಾಗ್ಲಿ, ಬೇರೆ ಕೆಲಸ ನೋಡ್ಕೊಳ್ಳಲಿ. ತಳ್ಳೋ ಕೈನ ಮೆಟ್ಟಿಲ ಮೇಲೆ ಇಟ್ಕೊಂಡ್ರೆ ಇವತ್ತು ಬೆರಳು, ನಾಳೆ ಹೆಣ." ಚಿಕ್ಕ ತಂಗಿ ಅಣ್ಣನ ಮುಖ ನೋಡಿದಳು, ಭಾವನ ಮುಖ ನೋಡಿದಳು. ಬಂಡೆ ತಲೆ ಬಗ್ಗಿಸಿ ಚಪ್ಪಲಿಯ ಉಂಗುಷ್ಠ ಸರಿಮಾಡಿಕೊಳ್ಳುತ್ತಿದ್ದ. ಸ್ಟ್ಯಾಂಡಿನಲ್ಲಿ ಕಡ್ಡಿಗೆ ಆಗಲೇ ಹೊಸ ಹೆಸರು ಬಿದ್ದಿತ್ತು: ತಳ್ಳುಗಡ್ಡಿ. ಬೇರೆ ಯಾವ ತಂಡವೂ ಅವನನ್ನು ಸೇರಿಸಿಕೊಳ್ಳುವುದಿಲ್ಲ ಎಂದೇ ಅದರರ್ಥ. ಮೆಟ್ಟಿಲ ಮೇಲೆ ನಂಬಿಕೆ ಕೆಟ್ಟವನಿಗೆ ಆ ಕಸುಬಿನಲ್ಲಿ ಜಾಗವಿಲ್ಲ.

ಮನೆಗೆ ಬಂದ ಬಂಡೆ ಊಟಕ್ಕೆ ಕೂರಲಿಲ್ಲ. ಕೂರಲು ಆಗುತ್ತಿರಲಿಲ್ಲ ಎನ್ನುವುದು ಬೇರೆ. ಹೆಂಡತಿ ತಟ್ಟೆ ಇಟ್ಟು ಎದುರು ನಿಂತಳು.

"ಅವನು ತಳ್ಳಿದ್ನಾ, ನೀವು ಕುಸಿದ್ರಾ?"

"ಡಾಕ್ಟ್ರು ಏನೂ ಆಗಿಲ್ಲ ಅಂದಿದಾರೆ."

"ನಾನು ಡಾಕ್ಟ್ರನ್ನ ಕೇಳಲಿಲ್ಲ."

ಬಂಡೆ ಗೋಡೆಯ ಕಡೆ ತಿರುಗಿದ.

"ನನ್ನ ತಂಗಿ ನಾಳೆ ನನ್ನ ಮುಖ ನೋಡಿ ಏನ್ ಕೇಳ್ತಾಳೆ ಗೊತ್ತಾ? ಏನೂ ಕೇಳಲ್ಲ. ಅದಕ್ಕಿಂತ ಅವಳು ನನಗೆ ಉಗಿದ್ರೇ ವಾಸಿ. ಬೆಳಿಗ್ಗೆ ಏಡಿ ಥರ ಮೆಟ್ಟಿಲು ಇಳಿದವರು ಯಾರು, ನಾನಾ? ನಾನು ನೋಡಿದೀನಿ ಅಂತ ಅಣ್ಣನಿಗೆ ಹೇಳ್ಲಾ? ಅಥವಾ ನಿಮ್ಮ ಬಾಯಲ್ಲೇ ಬರುತ್ತಾ?"

ಎರಡು ದಿನ ಅವನ ಬಾಯಲ್ಲಿ ಬರಲಿಲ್ಲ. ಆ ಎರಡು ದಿನದಲ್ಲಿ ಇನ್ನೊಂದು ನಡೆಯಿತು: ನೋವು ಕರಗತೊಡಗಿತು. ಈ ಪೆಟ್ಟಿನ ಗುಣವೇ ಅದು, ತಡವಾಗಿ ಬರುತ್ತದೆ, ತಾನೇ ಹೊರಡುತ್ತದೆ. ಬೇರೆಯವರಾದರೆ ದೇವರಿಗೆ ಕೈ ಮುಗಿಯುತ್ತಿದ್ದರು. ಬಂಡೆಗೆ ದಿಗಿಲು ಹತ್ತಿತು. ತೊಡೆ ಪೂರಾ ವಾಸಿಯಾದರೆ ಕಡ್ಡಿ ತಳ್ಳಲಿಲ್ಲ ಎನ್ನಲು ಲೋಕದಲ್ಲಿ ಉಳಿಯುವ ಸಾಕ್ಷಿ ಯಾವುದು? ತನ್ನ ಮಾತೊಂದೇ. ತನ್ನ ಮಾತಿನ ಬೆಲೆ ತನಗೆ ಗೊತ್ತಿತ್ತು.

ಓಡುವುದಕ್ಕೆ ಆಗುತ್ತಿದ್ದರೆ ಓಡುತ್ತಿದ್ದ. ಕುಂಟುತ್ತ ಹೋಗಿ ಲಾರಿಗೆ ಹಗ್ಗ ಬಿಗಿಯುತ್ತಿದ್ದ ಮೇಸ್ತ್ರಿಗೆ ಹೇಳಿದ: "ಭಾವ, ಅವನು ತಳ್ಳಲಿಲ್ಲ. ನನ್ನ ಮಂಡಿ ಕುಸೀತು."

ಮೇಸ್ತ್ರಿ ಹಗ್ಗ ಬಿಟ್ಟು ಅವನ ಹೆಗಲ ಮೇಲೆ ಕೈಯಿಟ್ಟ. ಕಣ್ಣಲ್ಲಿ ನೀರು. "ನೀನು ದೊಡ್ಡ ಮನುಷ್ಯ ಕಣಯ್ಯ. ಷಡ್ಡಕನ ಹೊಟ್ಟೆಪಾಡು ಉಳಿಸೋಕೆ ತಪ್ಪು ತಲೆ ಮೇಲೆ ಹಾಕ್ಕೊಳ್ತೀಯಾ?"

"ತಲೆ ಮೇಲೆ ಹಾಕ್ಕೊಳ್ಳೋದಲ್ಲ ಭಾವ, ತಪ್ಪು ನಂದೇ..."

"ಬಿಡಯ್ಯ. ಸ್ಟೆಪ್ನಿ ಎಸೆದಿದ್ದು ಊರೇ ನೋಡಿದೆ. ಡಾಕ್ಟ್ರು ಗಟ್ಟಿ ಇದಾನೆ ಅಂದ್ರಂತೆ, ನೀನೇ ಹೇಳ್ದೆ. ಇಂಥ ತೊಡೆ ಕುಸಿಯುತ್ತಾ? ಕೇಳ್ರೋ, ಇಂಥ ಮನಸ್ಸು ಯಾರಿಗೆ ಬರುತ್ತೆ!"

ಡ್ರೈವರ್ ಬಂದು ಕೈ ಕುಲುಕಿದ. ಟೀ ಅಂಗಡಿಯವನು ಟೀ ಕೊಟ್ಟ. ನಿಜ ಹೇಳಲು ಬಂದವನಿಗೆ ಸನ್ಮಾನವಾಯಿತು. ಬಂಡೆ ಲೋಟವನ್ನು ಹಾಗೇ ಬೆಂಚಿನ ಮೇಲಿಟ್ಟ. ತನ್ನದೇ ಸ್ಟೆಪ್ನಿ ಪರೀಕ್ಷೆ, ತನ್ನದೇ "ಏನಿಲ್ಲ", ತನ್ನದೇ ಗತ್ತು, ಎಲ್ಲವೂ ಸೇರಿ ಅವನ ನಿಜವನ್ನು ಸುಳ್ಳು ಮಾಡಿದ್ದವು. ಬೈಗುಳ ತಿಂದು ನಾಚಿದವನು ತೊಳೆದುಕೊಳ್ಳಬಹುದು. ಹೊಗಳಿಕೆ ತಿಂದು ನಾಚಿದವನು ಎಲ್ಲಿಗೆ ಹೋಗಬೇಕು?

ಕ್ಲಿನಿಕ್ಕಿಗೆ ಹೋದ. ಸರದಿ ಮುರಿದು ಒಳಗೆ ನುಗ್ಗಿ, ಪ್ಯಾಂಟು ಮಂಡಿಯ ಮೇಲಕ್ಕೆ ಮಡಚಿ, ಡಾಕ್ಟರಮ್ಮನ ಬೆರಳನ್ನು ಹಿಡಿದು ತಾನೇ ಇಟ್ಟ. "ಇಲ್ಲಿ ಒತ್ತಿ ಅಮ್ಮ."

ಒತ್ತಿದರು. ಕುರ್ಚಿಯಿಂದ ಅಷ್ಟೆತ್ತರ ಹಾರಿದ.

"ಮೊನ್ನೆ ಹೇಳೋಕೆ ಏನಾಗಿತ್ತು? ಬಾಯಿ ಇರಲಿಲ್ವಾ?" ಎಂದು ಗದರಿದರು ಡಾಕ್ಟರಮ್ಮ. ಆಮೇಲೆ ದನಿ ತಗ್ಗಿಸಿ, ತಾವೂ ಕೆಳಗೆ ಒತ್ತಿ ನೋಡಬೇಕಿತ್ತು ಎಂದರು. ಬಿಡಿಸಿ ಹೇಳಿದರು. ಒಂದೇ ಸ್ನಾಯು ಎಂದ ಮಾತ್ರಕ್ಕೆ ಅದು ಇಡಿಯಾಗಿ ಒಂದೇ ಸಮ ಪೆಟ್ಟು ತಿನ್ನುವುದಿಲ್ಲ. ಹಿಗ್ಗುತ್ತ ಭಾರ ತಡೆಯುವಾಗ ಒಂದು ಭಾಗದ ನಾರುಗಳ ಮೇಲೆ ಹೆಚ್ಚು ಬೀಳುತ್ತದೆ, ಇನ್ನೊಂದು ಭಾಗ ಆರಾಮಾಗಿರುತ್ತದೆ. ನಡುವೆ ಒತ್ತಿದರೆ ಕಲ್ಲು, ತುದಿಯಲ್ಲಿ ಒತ್ತಿದರೆ ಹುಣ್ಣು. ಎರಡೂ ಒಂದೇ ತೊಡೆ. ಬಂಡೆಗೆ ಇದನ್ನು ಎರಡನೇ ಸಲ ಹೇಳಬೇಕಾಗಲಿಲ್ಲ. ಹಗ್ಗದ ಜೊತೆ ಬದುಕಿದವನು. ಇಡೀ ಹಗ್ಗ ಹೊಸದರಂತಿದ್ದು ಕೊಕ್ಕೆಗೆ ಉಜ್ಜುವಲ್ಲಿ ಮಾತ್ರ ಎಳೆ ಬಿಟ್ಟಿರುತ್ತದೆ. ಹಗ್ಗ ಕೊಳ್ಳುವಾಗ ಅವನು ಅಡಿ ಅಡಿಯನ್ನೂ ಬೆರಳಲ್ಲಿ ತಡವಿ ನೋಡುತ್ತಾನೆ. ಹೊಸಬರ ತೊಡೆಯನ್ನು ಒಂದು ದಿನವಾದರೂ ಹಾಗೆ ನೋಡಿದ್ದನೇ?

"ಇದನ್ನ ನಮ್ಮ ಭಾವನಿಗೆ ತೋರಿಸ್ಬೇಕಲ್ಲ ಅಮ್ಮ."

"ಮೆಟ್ಟಿಲು ಇಳಿದು ತೋರಿಸಿ. ಇನ್ನೂ ಒಂದೆರಡು ದಿನ ನಡುಗುತ್ತೆ. ತಡ ಮಾಡಿದ್ರೆ ಅದೂ ಹೋಗುತ್ತೆ."

ಮೇಸ್ತ್ರಿಯ ಮನೆ ಗೋದಾಮಿನ ಮೇಲೆ, ಹೊರಗಿನಿಂದ ಕಡಿದಾದ ಕಬ್ಬಿಣದ ಮೆಟ್ಟಿಲು. ಅಂದು ಅಲ್ಲಿ ಅತ್ತೆ ಇದ್ದರು, ಇಬ್ಬರೂ ಹೆಣ್ಣುಮಕ್ಕಳು ಇದ್ದರು. ಚಿಕ್ಕವಳು ಗಂಡನ ಪರವಾಗಿ ಅಣ್ಣನ ಕಾಲು ಹಿಡಿಯಲು ಬಂದು, ಹಿಡಿಯಲಾರದೆ ಮೂಲೆಯಲ್ಲಿ ಕೂತಿದ್ದಳು. ಬಂಡೆ ದಡದಡನೆ ಮೆಟ್ಟಿಲು ಹತ್ತಿ ಬಂದ. ಹತ್ತುವುದಕ್ಕೆ ಏನೂ ಅಡ್ಡಿಯಿರಲಿಲ್ಲ.

"ಭಾವ, ಕೆಳಗೆ ಹೋಗಿ ನಿಂತ್ಕೊಳ್ಳಿ. ನಾನು ಇಳೀತೀನಿ, ನೋಡಿ. ಎಲ್ಲರೂ ನೋಡಿ."

"ಏನಯ್ಯ ಇದು, ಸರ್ಕಸ್ಸಾ?"

"ಹೂಂ ಅನ್ಕೊಳ್ಳಿ."

ಪ್ಯಾಂಟು ಮಂಡಿಯ ಮೇಲಕ್ಕೆ ಮಡಚಿದ. ಅತ್ತೆಯ ಎದುರು ಅವನು ಎಂದೂ ಹಾಗೆ ನಿಂತವನಲ್ಲ. ಕೈಯನ್ನು ಕಂಬಿಗೆ ತಾಗಿಸದೆ ಇಳಿಯತೊಡಗಿದ. ಮೊದಲ ಮೆಟ್ಟಿಲಲ್ಲೇ ಮಂಡಿಯ ಮೇಲಿನ ಮಾಂಸ ಹೊರಗೇ ಕಾಣುವಂತೆ ಪಟಪಟ ಬಡಿಯಿತು, ಹಕ್ಕಿ ಸಿಕ್ಕಿಕೊಂಡ ಹಾಗೆ. ಎರಡನೆಯದಕ್ಕೆ ಹಲ್ಲು ಕಚ್ಚಿದ. ಅದರ ಕೆಳಗಿನದಕ್ಕೆ ಕಾಲು ಕೈಕೊಟ್ಟಿತು. ಕೂತುಬಿಟ್ಟ. ಕೂತು ಕೂತೇ, ಅಂಡೂರಿ ಜಾರುತ್ತ, ಇನ್ನೂ ನಡೆಯಲು ಬಾರದ ಮಗುವಿನ ಹಾಗೆ ಕೊನೆಯ ಮೆಟ್ಟಿಲವರೆಗೆ ಇಳಿದ. ಯಾರೂ ನಗಲಿಲ್ಲ. ಮೇಲೆ ಹೆಂಡತಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಿದ್ದಳು. ಅತ್ತೆ "ಸಾಕು ಅಳಿಯಂದ್ರೇ, ಸಾಕು" ಎನ್ನುತ್ತಲೇ ಇದ್ದರು.

ಕೆಳಗೆ ನಿಂತ ಮೇಸ್ತ್ರಿ ಬಹಳ ಹೊತ್ತು ಆ ಮಂಡಿಯನ್ನೇ ನೋಡಿದ. "ಅಂದು ಬೆಳಿಗ್ಗೆಯೂ ಹೀಗೇ ಇತ್ತಾ?"

"ಇದಕ್ಕಿಂತ ಜಾಸ್ತಿ ಇತ್ತು."

"ಗೊತ್ತಿದ್ದೂ ಬೀರು ಹಿಡಿದ್ಯಾ?"

"ಹೂಂ."

"ಗೊತ್ತಿದ್ದೂ ಅವನ ಮೇಲೆ ಹಾಕಿದ್ಯಾ?"

ಬಂಡೆ ತಲೆಯಾಡಿಸಿದ. ಮೇಸ್ತ್ರಿ ಮುಖ ತಿರುಗಿಸಿಕೊಂಡು ಚಿಕ್ಕ ತಂಗಿಗೆ "ನಿನ್ನ ಗಂಡನ್ನ ಬರೋಕೆ ಹೇಳಮ್ಮ" ಎಂದ. ಸ್ಟೆಪ್ನಿಗೆ ಚಪ್ಪಾಳೆ ತಟ್ಟಿದ್ದು ಅವನೂ ಅಲ್ಲವೇ.

ಕಡ್ಡಿ ಬರಲಿಲ್ಲ. ಬಂಡೆಯೇ ಹೋಗಬೇಕಾಯಿತು. ಬಾಗಿಲಲ್ಲೇ ನಿಂತ ಕಡ್ಡಿಯ ಕೈಗೆ ಬಿಳಿ ಕಟ್ಟು, ಕಣ್ಣ ಕೆಳಗೆ ಕಪ್ಪು. ಒಳಗೆ ಬನ್ನಿ ಅನ್ನಲಿಲ್ಲ.

"ತಪ್ಪಾಯ್ತು ಕಣೋ."

"ಅಣ್ಣ, ನಾನು ತಳ್ಳಲಿಲ್ಲ ಅಂತ ನನಗೆ ಗೊತ್ತಿತ್ತು" ಎಂದ ಕಡ್ಡಿ, ಮೆಲ್ಲಗೆ. "ಆದ್ರೆ ನೀವು ಹೇಳಿದ್ರಿ ಅಂದ್ಮೇಲೆ ನನಗೇ ಅನುಮಾನ ಬಂತು. ಆಸ್ಪತ್ರೇಲಿ ಮಲಗಿ ಅದನ್ನೇ ಯೋಚಿಸ್ದೆ, ತಳ್ಳಿರಬಹುದಾ, ತಳ್ಳಿರಬಹುದಾ ಅಂತ. ನೀವು ಸುಳ್ಳು ಹೇಳ್ತೀರಿ ಅಂತ ಹೊಳೀಲೇ ಇಲ್ಲ."

ಬಂಡೆಗೆ ಅಲ್ಲೇ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಭೂಮಿ ಅಷ್ಟು ಸುಲಭಕ್ಕೆ ಬಾಯಿ ಬಿಡುವುದಿಲ್ಲ.

"ಭಾವನಿಗೆ ಹೇಳಿದೀನಿ. ನೀನು ಕೆಲಸಕ್ಕೆ ಬಾ."

"ಭಾವನಿಗೆ ಹೇಳಿದ್ರಿ. ನನಗೆ ತಳ್ಳುಗಡ್ಡಿ ಅನ್ನೋದು ಭಾವ ಒಬ್ರೇನಾ? ಸ್ಟ್ಯಾಂಡಲ್ಲಿ ಹೇಳಿ. ಟೀ ಅಂಗಡಿ ಮುಂದೆ, ಎಲ್ಲ ತಂಡದವರೂ ಇರು­ವಾಗ. ಆಮೇಲೆ ಬರ್ತೀನಿ."

ಬಂಡೆ ಹೇಳಿದ. ಬೆಳಗಿನ ಟೀ ಹೊತ್ತಿಗೆ, ಲಾರಿಗಳ ನಡುವೆ, ಕಡ್ಡಿಯನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು. "ಇವನು ತಳ್ಳಲಿಲ್ಲ. ನನ್ನ ತೊಡೆ ಹಿಂದಿನ ದಿನದಿಂದ್ಲೇ ಕೆಟ್ಟಿತ್ತು, ಮುಚ್ಚಿಟ್ಟೆ. ಕುಸಿದಿದ್ದು ನಾನು. ಇವನು ಕೈ ಬಿಡದೆ ನನ್ನ ಉಳಿಸ್ದ. ನಾನು ಇವನ ಮೇಲೆ ಸುಳ್ಳು ಹೇಳ್ದೆ."

ಆಮೇಲೆ ಯಾವುದೋ ಲಾರಿಯ ಹಿಂದಿನಿಂದ ಒಂದು ದನಿ: "ಏನಣ್ಣ, ನಿನ್ನ ಏಟೂ ಅಂಚೇಲಿ ಬಂತಾ?" ಸ್ಟ್ಯಾಂಡೇ ನಕ್ಕಿತು. ಹೊಟ್ಟೆ ಹಿಡಿದುಕೊಂಡು ನಕ್ಕಿತು. ವರ್ಷಗಟ್ಟಲೆ ಅವನ ಮುಂದೆ ಕುಂಟಿದವರೆಲ್ಲ ಬಾಕಿ ತೀರಿಸಿಕೊಂಡರು. ಬಂಡೆ ಅಲ್ಲಾಡದೆ ನಿಂತ. ನಗೆ ಮುಗಿಯುವವರೆಗೂ ನಿಂತ. ಕಡ್ಡಿ ನಗಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ. ಎಡಗೈಯಲ್ಲಿ ಟೀ ತೆಗೆದುಕೊಂಡು ಕುಡಿದ.

ಗುಂಪು ಕರಗಿದ ಮೇಲೆ ನಡೆದದ್ದನ್ನು ಬಂಡೆಯೇ ನನಗೆ ಹೇಳಿದ. ನಕ್ಕವರಲ್ಲೊಬ್ಬ, ಬೇರೆ ತಂಡದ ಹಳೆಯ ಆಳು, ಅತ್ತಿತ್ತ ನೋಡಿ ಬಳಿಗೆ ಬಂದ. ಪ್ಯಾಂಟಿನ ಮೇಲಿಂದಲೇ ಮಂಡಿಯ ಮೇಲೆ ಕೈಯಿಟ್ಟು "ಇಲ್ಲೇ ತಾನೇ?" ಎಂದ. "ಇಲ್ಲೇ" ಎಂದ ಬಂಡೆ. "ನಂಗೂ. ಕೆಲ್ಸ ಬಿಟ್ಟು ಮತ್ತೆ ಬಂದಾಗೆಲ್ಲ. ಯಾರಿಗೂ ಹೇಳ್ಬೇಡ" ಎಂದು ಹೊರಟುಹೋದ. ಆಮೇಲೆ ಇನ್ನೊಬ್ಬ ಬಂದ. ಸಂಜೆಯ ಹೊತ್ತಿಗೆ ಮತ್ತೊಬ್ಬ. ಒಬ್ಬೊಬ್ಬರೇ ಬಂದರು, ಕೆಟ್ಟ ರೋಗ ಹೇಳಿಕೊಳ್ಳುವವರ ಹಾಗೆ.

ಕಡ್ಡಿ ಮತ್ತೆ ತಂಡದಲ್ಲಿದ್ದಾನೆ. ಎರಡು ಬೆರಳು ಮಡಚುವುದಿಲ್ಲ. ಹಗುರ ಸಾಮಾನು ಅವನ ಪಾಲು. "ಹಿಡಿ", "ಬಿಡು", "ತಿರುಗು" ಎಂಬ ಕೆಲಸದ ಮಾತು ಬಿಟ್ಟರೆ ಷಡ್ಡಕನ ಜೊತೆ ಬೇರೆ ಮಾತಿಲ್ಲ. ಅಕ್ಕತಂಗಿಯರು ಮಾತಾಡುತ್ತಾರೆ, ಅಳೆದು ಸುರಿದು. ಇದೆಲ್ಲ ಸರಿಹೋಗುತ್ತದೆ ಎಂದು ಬರೆದು ನಿಮಗೆ ನಿದ್ದೆ ಬರಿಸುವ ಇರಾದೆ ನನಗಿಲ್ಲ.

ಈಗ ನಿಮ್ಮ ಸರದಿ. ನಿಮ್ಮ ಮನೆಯ ಸಾಮಾನನ್ನೂ ಯಾರೋ ಇಳಿಸಿದ್ದಾರೆ. ಕೆಲಸ ಮುಗಿದ ಸಂಜೆ ನಗುನಗುತ್ತ ಹೋದರು, ಆದ್ದರಿಂದ ಏನೂ ಆಗಿಲ್ಲ ಎಂದು ಬಾಗಿಲು ಹಾಕಿಕೊಂಡಿರಿ. ಮುಂದಿನ ಸಲ ಹಾಗೆ ಮಾಡಬೇಡಿ. ಅಂದಲ್ಲ, ಮರುದಿನವೂ ಅಲ್ಲ, ನಾಳಿದ್ದು ಫೋನ್ ಮಾಡಿ. ಬೀರುವಿನ ಬೀಗದ ಬಗ್ಗೆ ಕೇಳಲಿಕ್ಕಲ್ಲ. "ಕಾಲು ಹೇಗಿದೆ? ಎಲ್ಲಿ ನೋವು?" ಎಂದು ಕೇಳಿ. "ಏನಿಲ್ಲ ಸಾರ್" ಎಂದರೆ ನಂಬಬೇಡಿ, ಇನ್ನೊಮ್ಮೆ ಕೇಳಿ. ಅವರು ಜಾಗ ಹೇಳುವವರೆಗೂ ಫೋನ್ ಇಡಬೇಡಿ.